ಸ್ಪಂಜಿನೊಳಗೆ ಯಾರಿದ್ದರು?

ಮಕ್ಕಳೇ, ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಉದ್ದ 60 ಸೆಂಟಿಮೀಟರ್, ಅಗಲ 30, ಎತ್ತರ 30. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿ ನೋಡಿ, 54 ಲೀಟರ್ ಬರುತ್ತದೆ. ಲೀಟರಿಗೆ ಒಂದು ಕಿಲೋ ಅಂದರೂ ನಿಮ್ಮಂಥ ಇಬ್ಬರು ಮಕ್ಕಳು ಮೇಜು ಹತ್ತಿ ಕೂತಷ್ಟು ಭಾರ. ಅದರೊಳಗೆ ಆರು ಜೀಬ್ರಾ ಮೀನುಗಳು, ನಾಲ್ಕು ಬಗೆಯ ಗಿಡಗಳು, ಯಾರೂ ಕರೆಯದೆ ಗಿಡಗಳ ಜೊತೆ ಬಂದ ಒಂದಿಷ್ಟು ಬಸವನಹುಳುಗಳು. ಇವರಲ್ಲದೆ ಇನ್ನೂ ಕೋಟಿಗಟ್ಟಲೆ ಜನ ಅಲ್ಲಿದ್ದಾರೆ. ಅವರು ಅಲ್ಲಿದ್ದರೆಂದು ನಮಗೆ ಗೊತ್ತಾದದ್ದು ಅವರನ್ನು ಕಳೆದುಕೊಂಡ ಮೇಲೆ.

ತೊಟ್ಟಿ ಇಟ್ಟು ಎರಡು ತಿಂಗಳಾಗಿತ್ತು. ಗಿಡಗಳು ಇನ್ನೂ ಸರಿಯಾಗಿ ಬೇರೂರಿರಲಿಲ್ಲ. ಒಂದು ಶನಿವಾರ ನಾನು ಫಿಲ್ಟರಿನ ಸ್ಪಂಜು ತೆಗೆದು ನೋಡಿದೆ. ಕಂದು ಬಣ್ಣದ ಲೋಳೆ ಹಿಡಿದು ನೋಡಲಾಗದ ಹಾಗಿತ್ತು. ನಲ್ಲಿಯ ಕೆಳಗೆ ಹಿಡಿದು, ಹಿಂಡಿ ಹಿಂಡಿ, ಹೊಸದರಂತೆ ಬೆಳ್ಳಗೆ ಮಾಡಿ ಮತ್ತೆ ಸಿಕ್ಕಿಸಿದೆ. ಮಂಗಳವಾರ ಬೆಳಿಗ್ಗೆ ನನ್ನ ತಮ್ಮನ ಮಗಳು ಪುಟ್ಟಿ ಶಾಲೆಯ ಚೀಲ ಹೆಗಲಿಗೇರಿಸಿಕೊಂಡವಳು ತೊಟ್ಟಿಯ ಮುಂದೆ ನಿಂತುಬಿಟ್ಟಳು. “ಅತ್ತೇ, ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗಾಗಿದೆ. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ.”

ನಾನು ತೊಳೆದದ್ದು ಕೊಳೆಯನ್ನಲ್ಲ. ಆ ಕಂದು ಲೋಳೆ ಒಂದು ಊರಾಗಿತ್ತು.

ಹೇಗೆ ಅಂತ ಹೇಳುತ್ತೇನೆ. ಮೀನು ಉಚ್ಚೆ ಹೊಯ್ಯುತ್ತದೆ, ಹಿಕ್ಕೆ ಹಾಕುತ್ತದೆ. ತಿನ್ನದೆ ಬಿಟ್ಟ ಕಾಳು ತಳದಲ್ಲಿ ಕೊಳೆಯುತ್ತದೆ. ಕಿವಿರುಗಳ ಮೂಲಕವೂ ಮೀನು ಅಮೋನಿಯ ಎಂಬ ವಸ್ತುವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ದನದ ಕೊಟ್ಟಿಗೆಗೆ ಹೋದಾಗ ಮೂಗಿಗೆ ಹೊಡೆಯುವ ಘಾಟು ವಾಸನೆ ಇದೆಯಲ್ಲ, ಅದೇ ಅಮೋನಿಯ. ನದಿಯಲ್ಲಾದರೆ ನೀರು ಅದನ್ನು ಕೊಂಡೊಯ್ಯುತ್ತದೆ. ತೊಟ್ಟಿಯಲ್ಲಿ ಹಾಕಿದ್ದು ಎಲ್ಲಿಗೂ ಹೋಗುವುದಿಲ್ಲ. ಅಮೋನಿಯ ಹೆಚ್ಚಿದರೆ ಮೀನಿನ ಕಿವಿರು ಸುಟ್ಟಂತಾಗುತ್ತದೆ.

ಆದರೆ ಅಮೋನಿಯವನ್ನೇ ಉಂಡು ಬದುಕುವ ಬ್ಯಾಕ್ಟೀರಿಯಗಳಿವೆ. ಅವು ಅದನ್ನು ನೈಟ್ರೈಟ್ ಆಗಿ ಬದಲಾಯಿಸುತ್ತವೆ. ನೈಟ್ರೈಟ್ ಕೂಡ ಒಳ್ಳೆಯದಲ್ಲ. ಅದು ಮೀನಿನ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕವನ್ನು ಹೊರಲಾರದು, ಕಂದಾಗುತ್ತದೆ. ನೀರಿನಲ್ಲಿ ಬೇಕಾದಷ್ಟು ಆಮ್ಲಜನಕ ಇದ್ದರೂ ಮೀನು ಏದುಸಿರು ಬಿಡುತ್ತದೆ. ಆಗ ಎರಡನೆಯ ಗುಂಪಿನ ಬ್ಯಾಕ್ಟೀರಿಯಗಳ ಸರದಿ. ನೈಟ್ರೈಟನ್ನು ನೈಟ್ರೇಟ್ ಮಾಡುವುದು ಅವುಗಳ ಕೆಲಸ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ. ಗಿಡಗಳಿಗಂತೂ ಅದು ಗೊಬ್ಬರ. ಒಬ್ಬರ ಎಂಜಲು ಇನ್ನೊಬ್ಬರ ಊಟ, ಅವರ ಎಂಜಲು ಮತ್ತೊಬ್ಬರ ಊಟ.

ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ಅಲೆಯುವುದು ಕಡಿಮೆ. ಸ್ಪಂಜಿನ ತೂತುಗಳಲ್ಲಿ, ಮರಳಿನ ಕಣಗಳ ಮೇಲೆ, ಎಲೆಗಳ ಮೇಲೆ ಅಂಟಿಕೊಂಡು ಮನೆ ಮಾಡುತ್ತವೆ. ನಮ್ಮ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬ್ಯಾಕ್ಟೀರಿಯ ಕೊಲ್ಲುವುದಕ್ಕೆಂದೇ ಅದನ್ನು ಬೆರೆಸಿರುತ್ತಾರೆ. ಕುಡಿಯುವ ನೀರಿಗೆ ಅದು ಬೇಕು. ನಾನು ಅದೇ ನೀರಿನಿಂದ ಆ ಊರಿಗೆ ಊರನ್ನೇ ತೊಳೆದು ಮೋರಿಗೆ ಬಿಟ್ಟಿದ್ದೆ. ಬೇರೆ ಕೆಲವು ಬ್ಯಾಕ್ಟೀರಿಯಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಇವು ತುಂಬ ನಿಧಾನ, ಇಮ್ಮಡಿಯಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುವುದು ಇದರಿಂದಲೇ. ಅಂಗಡಿಯಿಂದ ತೊಟ್ಟಿ ತಂದ ದಿನವೇ ಅದರ ತುಂಬ ಮೀನು ಬಿಡಬೇಡಿ ಎಂದು ಹಿರಿಯರು ಹೇಳಿದರೆ ದಯವಿಟ್ಟು ಕೇಳಿ.

ಆ ಮಂಗಳವಾರ ನಾವು ಮಾಡಿದ್ದಿಷ್ಟು. ನೀರಿನ ಮೂರರಲ್ಲೊಂದು ಭಾಗ ಹೊರಗೆ ತೆಗೆದೆವು. ಕ್ಲೋರಿನ್ ಹೋಗಲಾಡಿಸುವ ಹನಿ ಹಾಕಿದ ನೀರನ್ನು ನಿಧಾನವಾಗಿ ತುಂಬಿದೆವು. ಎರಡು ದಿನ ಮೀನಿಗೆ ಊಟ ಕೊಡಲಿಲ್ಲ. ಪುಟ್ಟಿಗೆ ಇದು ತೀರ ಕ್ರೂರ ಅನಿಸಿತು. ಆದರೆ ಆರೋಗ್ಯವಾಗಿರುವ ದೊಡ್ಡ ಮೀನು ಎರಡು ಮೂರು ದಿನ ಉಪವಾಸ ಇರಬಲ್ಲದು. ಕೆಟ್ಟ ನೀರಿನಲ್ಲಿ ಒಂದು ದಿನ ಇರುವುದು ಅದಕ್ಕೆ ಕಷ್ಟ. ಆರೂ ಮೀನು ಉಳಿದವು. ಈಗ ನಾವು ಸ್ಪಂಜನ್ನು ತಿಂಗಳಿಗೊಮ್ಮೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಮೆತ್ತಗೆ ಅದುಮುತ್ತೇವೆ, ಅಷ್ಟೇ. ಅದು ಕಂದಾಗಿಯೇ ಇರುತ್ತದೆ. ಇರಲಿ.

ಈ ಬ್ಯಾಕ್ಟೀರಿಯಗಳ ಕತೆಯಲ್ಲಿ ಒಬ್ಬ ಅಪ್ಪ ಮತ್ತು ಒಬ್ಬ ಮಗ ಬರುತ್ತಾರೆ. ನನಗೆ ಬಹಳ ಪ್ರೀತಿಯ ಕತೆ ಇದು. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. 1849ರಲ್ಲಿ ಅವರು ಹನ್ನೆರಡು ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆಯೊಂದನ್ನು ತೆಗೆದುಕೊಂಡರು. ಲೆಕ್ಕ ಹಾಕಿದರೆ ಅದೂ ಸುಮಾರು 54 ಲೀಟರೇ, ನಮ್ಮ ತೊಟ್ಟಿಯಷ್ಟೇ! ಅದರಲ್ಲಿ ನೀರು, ಎರಡು ಹೊಂಬಣ್ಣದ ಮೀನು, ವ್ಯಾಲಿಸ್ನೇರಿಯ ಎಂಬ ನೀರಿನ ಗಿಡ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಗಿಡ ಅದನ್ನು ಬಳಸುತ್ತದೆ. ಹಾಗಾದರೆ ನೀರು ಬದಲಾಯಿಸದೆಯೇ ಇಬ್ಬರೂ ಬದುಕಬಹುದಲ್ಲ ಎಂಬುದು ಅವರ ಎಣಿಕೆ. ಸ್ವಲ್ಪ ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಹಳೆಯ ಎಲೆಗಳು ಕೊಳೆತು ನೀರು ರಾಡಿಯಾಯಿತು. ನಾವು ತಲೆ ಕೆರೆದುಕೊಳ್ಳುವ ಹಾಗೆಯೇ ಅವರೂ ತಲೆ ಕೆರೆದುಕೊಂಡಿರಬೇಕು. ಕೊಳೆತದ್ದನ್ನು ತಿನ್ನುವವರು ಯಾರು ಎಂದು ಯೋಚಿಸಿ ಐದಾರು ನೀರಿನ ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತ ಎಲೆಯನ್ನೂ ಪಾಚಿಯನ್ನೂ ಮೇಯ್ದು ತೊಟ್ಟಿಯನ್ನು ತಿಳಿಯಾಗಿಸಿದವು. 1850ರಲ್ಲಿ ಅವರು ಇದನ್ನು ವಿಜ್ಞಾನಿಗಳ ಸಭೆಯ ಮುಂದಿಟ್ಟರು.

ವಾರಿಂಗ್ಟನ್ನರ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳೂ ದುಡಿಯುತ್ತಿದ್ದವು, ಅದು ಅವರಿಗೆ ಗೊತ್ತಿರಲಿಲ್ಲ. ತೊಟ್ಟಿ ಇಟ್ಟಾಗ ಅವರ ಮಗನಿಗೆ ಹತ್ತು ಹನ್ನೊಂದು ವರ್ಷ, ನಿಮ್ಮದೇ ವಯಸ್ಸು. ಆ ಮಗನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ. ದೊಡ್ಡವರಾದ ಮೇಲೆ ಅವರು ರಾಥಮ್‌ಸ್ಟೆಡ್ ಎಂಬಲ್ಲಿ ಹೊಲದ ಮಣ್ಣನ್ನು ವರ್ಷಗಟ್ಟಲೆ ಪರೀಕ್ಷಿಸಿ, ಅಮೋನಿಯ ನೈಟ್ರೇಟ್ ಆಗುವುದು ಎರಡು ಹಂತಗಳಲ್ಲಿ ಮತ್ತು ಒಂದೊಂದು ಹಂತಕ್ಕೂ ಬೇರೆ ಬೇರೆ ಸೂಕ್ಷ್ಮಜೀವಿಗಳಿವೆ ಎಂದು ತೋರಿಸಿದರು. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದವರು ಸೆರ್ಗೈ ವಿನೊಗ್ರಾಡ್ಸ್ಕಿ ಎಂಬ ಇನ್ನೊಬ್ಬ ವಿಜ್ಞಾನಿ, 1890ರ ಸುಮಾರಿಗೆ. ಅಪ್ಪನ ಗಾಜಿನ ಪಾತ್ರೆಯಲ್ಲಿ ಅಡಗಿದ್ದ ಗುಟ್ಟಿನ ಅರ್ಧವನ್ನು ಮಗ ಮಣ್ಣಿನಲ್ಲಿ ಹುಡುಕಿ ತೆಗೆದ ಹಾಗಾಯಿತು.

ನಮ್ಮ ತೊಟ್ಟಿಯಲ್ಲೂ ವ್ಯಾಲಿಸ್ನೇರಿಯ ಇದೆ. ಹಸಿರು ರಿಬ್ಬನ್ನಿನಂಥ ಉದ್ದ ಎಲೆಗಳು. ಇದು ಹೂ ಬಿಟ್ಟಾಗ ನೋಡಬೇಕು. ಹೆಣ್ಣು ಹೂ ನೂಲಿನಂಥ ಉದ್ದ ತೊಟ್ಟಿನ ಮೇಲೆ ನೀರಿನ ಮೇಲ್ಮೈಗೆ ಬಂದು ಅರಳುತ್ತದೆ. ಸಾಸಿವೆಗಿಂತ ಸಣ್ಣ ಗಂಡು ಹೂಗಳು ಬುಡದಿಂದ ಕಳಚಿಕೊಂಡು ಗುಳ್ಳೆಗಳ ಹಾಗೆ ಮೇಲೇರಿ ದೋಣಿಗಳಂತೆ ತೇಲಿ ಅದನ್ನು ಮುಟ್ಟುತ್ತವೆ. ಆಮೇಲೆ ಆ ತೊಟ್ಟು ಸ್ಪ್ರಿಂಗಿನಂತೆ ಸುತ್ತಿಕೊಂಡು ಕಾಯನ್ನು ನೀರಿನೊಳಗೆ ಎಳೆದುಕೊಳ್ಳುತ್ತದೆ.

ಏಪ್ರಿಲ್ ಬಂತು. ಬಿಸಿಲು ಪಶ್ಚಿಮದ ಕಿಟಕಿಯಿಂದ ಒಳಗೆ ಬಂದು ಸಂಜೆ ಎರಡು ತಾಸು ತೊಟ್ಟಿಯ ಮೇಲೆ ಬೀಳತೊಡಗಿತು. ವಾರದೊಳಗೆ ನೀರು ಹೆಸರುಕಾಳು ಬೆಂದ ಕಟ್ಟಿನ ಹಸಿರು ಬಣ್ಣಕ್ಕೆ ತಿರುಗಿತು. ನೀರಿನ ಇಂಥ ಹಸಿರನ್ನು ಧಾರವಾಡದ ನಮ್ಮಜ್ಜಿ ಹಾವಸೆ ಅನ್ನುತ್ತಿದ್ದರು. ಪುಟ್ಟಿಯ ಮರಾಠಿ ಗೆಳತಿ ಶೇವಾಳ ಅನ್ನುತ್ತಾಳೆ. ಪಠ್ಯಪುಸ್ತಕದಲ್ಲಿ ಶೈವಲ, ನಾವು ದಿನವೂ ಆಡುವುದು ಪಾಚಿ.

ಪಾಚಿಯ ಮೇಲೆ ಸಿಟ್ಟು ಬೇಡ. ಎಲ್ಲಿ ಬೆಳಕೂ ಗೊಬ್ಬರವೂ ಮಿಕ್ಕಿದೆಯೋ ಅಲ್ಲಿಗೆ ಅದು ಬರುತ್ತದೆ, ಅಷ್ಟೇ. ಹೊಸ ತೊಟ್ಟಿಯ ಗಾಜಿನ ಮೇಲೆ ಕಂದು ಪುಡಿ ಬಳಿದಂತೆ ಬರುವುದು ಡಯಾಟಮ್. ಒಂದೊಂದು ಡಯಾಟಮ್ಮೂ ಗಾಜಿನದೇ ಪುಟ್ಟ ಪೆಟ್ಟಿಗೆಯೊಳಗೆ ವಾಸಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒರೆಸಿ ಹಾಕುವ ಮನಸ್ಸೇ ಬಾರದು. ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ನೀಲಿ ಹಸಿರಿನ, ಕೆಟ್ಟ ವಾಸನೆಯ ಜಾರು ಪದರ ಬಂದರೆ ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯ. ಅದರ ಪೂರ್ವಿಕರೇ ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದವರು. ಆದರೂ ತೊಟ್ಟಿಯಲ್ಲಿ ಅದು ಬೇಡ, ಕೊಳವೆಯಿಂದ ಹೀರಿ ತೆಗೆಯಿರಿ.

ನಮ್ಮದು ನೀರೇ ಹಸಿರಾಗುವ ಬಗೆ. “ಪಾಚಿ ತಿನ್ನುವ ಮೀನು ತಂದುಬಿಡೋಣ” ಎಂದಳು ಪುಟ್ಟಿ. ಅಂಗಡಿಗಳಲ್ಲಿ ಸಕರ್ ಮೀನು ಎಂದು ಮಾರುತ್ತಾರೆ, ಬೆರಳಿನಷ್ಟಿರುತ್ತದೆ. ದಕ್ಷಿಣ ಅಮೆರಿಕದ ಈ ಮೀನು ಬೆಳೆದರೆ ಒಂದು ಅಡಿಯನ್ನೂ ಮೀರುತ್ತದೆ. ಆಗ ಸಾಕಲಾಗದೆ ಜನ ಕೆರೆಗೆ ಬಿಡುತ್ತಾರೆ. ಅದು ನಮ್ಮ ಕೆರೆ ನದಿಗಳಲ್ಲಿ ತಳವೂರಿ ಇಲ್ಲಿಯ ಮೀನುಗಳಿಗೆ ತೊಂದರೆ ಕೊಡುತ್ತದೆ. ಪಾಚಿ ಕೆರೆಯುವ ಮೀನು ದಖ್ಖನದ ನದಿಗಳಲ್ಲೇ ಇದೆ, ಗರ್ರಾ ಮುಲ್ಲ್ಯಾ. ಗದ್ದದ ಕೆಳಗೆ ಒತ್ತುಬಟ್ಟಲಿನಂಥ ಭಾಗವಿದ್ದು ಎಂಥ ರಭಸದಲ್ಲೂ ಬಂಡೆಗೆ ಕಚ್ಚಿಕೊಂಡಿರುತ್ತದೆ. ಇದನ್ನು 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಕರ್ನಲ್ ಸೈಕ್ಸ್ ಎಂಬ ಸೈನ್ಯಾಧಿಕಾರಿ ಮುಳಾ, ಮುಠಾ, ಭೀಮಾ ನದಿಗಳ ಮೀನುಗಳನ್ನು ವರ್ಣಿಸುವಾಗ ಇಲ್ಲಿಯ ಜನ ಕರೆಯುತ್ತಿದ್ದ ಮರಾಠಿ ಹೆಸರುಗಳನ್ನು ಎಷ್ಟೋ ಮೀನುಗಳಿಗೆ ಉಳಿಸಿಕೊಂಡರು. ನನಗೆ ಅವರ ಆ ಗುಣ ಇಷ್ಟ. ಆದರೆ ಹರಿಯುವ ಹೊಳೆಯ ಆ ಮೀನಿಗೆ ನಮ್ಮ ತೊಟ್ಟಿ ಸಾಲದು. ಅಲ್ಲದೆ ನೀರಿನಲ್ಲಿ ತೇಲುವ ಹಸಿರು ಕಣಗಳನ್ನು ಯಾವ ಕೆರೆಯುವ ಮೀನೂ ತಿನ್ನಲಾರದು.

ಹಾಗಾಗಿ ಕಿಟಕಿಗೆ ಪರದೆ ಹಾಕಿದೆವು. ತೊಟ್ಟಿಗೆ ಕಂಬಳಿ ಹೊದಿಸಿ ಮೂರು ದಿನ ಪೂರ್ತಿ ಕತ್ತಲೆ ಮಾಡಿದೆವು, ಗಾಳಿ ಗುಳ್ಳೆಯ ಪಂಪು ಮಾತ್ರ ನಡೆಯುತ್ತಿತ್ತು. ತೇಲುವ ಪಾಚಿಗೆ ಕೂಡಿಟ್ಟ ಗಂಟು ಇಲ್ಲ, ಕತ್ತಲೆಯಲ್ಲಿ ಬೇಗ ಸೋಲುತ್ತದೆ. ಬೇರು ಕಾಂಡ ಇರುವ ಗಿಡಕ್ಕೆ ಅಲ್ಲಿ ಕೂಡಿಟ್ಟ ಪಿಷ್ಟವಿರುತ್ತದೆ, ಮೂರು ದಿನ ತಡೆಯುತ್ತದೆ. ನಾಲ್ಕನೆಯ ದಿನ ಕಂಬಳಿ ತೆಗೆದಾಗ ನೀರು ಬಹುಮಟ್ಟಿಗೆ ತಿಳಿಯಾಗಿತ್ತು. ಸತ್ತ ಪಾಚಿ ಮತ್ತೆ ಅಮೋನಿಯ ಆಗಬಾರದೆಂದು ಅರ್ಧ ನೀರು ಬದಲಾಯಿಸಿದೆವು. ಅಂದಿನಿಂದ ದೀಪ ದಿನಕ್ಕೆ ಏಳು ತಾಸು ಮಾತ್ರ. ಊಟವೂ ಎರಡು ನಿಮಿಷದಲ್ಲಿ ಮುಗಿಯುವಷ್ಟೇ.

ಗಿಡಗಳು ಚೆನ್ನಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡಲು ನೀವೇ ಒಂದು ಪರೀಕ್ಷೆ ಮಾಡಬಹುದು. ಹೈಡ್ರಿಲ್ಲ ಎಂಬ ನೀರುಗಿಡದ ತುಂಡೊಂದನ್ನು, ಕತ್ತರಿಸಿದ ತುದಿ ಮೇಲೆ ಬರುವಂತೆ, ನೀರಿರುವ ಗಾಜಿನ ಲೋಟದಲ್ಲಿ ಮುಳುಗಿಸಿ. ಮೇಜಿನ ದೀಪವನ್ನು ಹತ್ತಿರ ಇಟ್ಟು ಒಂದು ನಿಮಿಷಕ್ಕೆ ಎಷ್ಟು ಗುಳ್ಳೆ ಏಳುತ್ತದೆ ಎಣಿಸಿ. ದೀಪವನ್ನು ದೂರ ಸರಿಸಿ ಮತ್ತೆ ಎಣಿಸಿ. ಸಂಖ್ಯೆಯನ್ನು ಬರೆದಿಡಿ. ಆ ಗುಳ್ಳೆಗಳಲ್ಲಿ ಇರುವುದು ಹೆಚ್ಚಾಗಿ ಆಮ್ಲಜನಕ. ದೀಪ ಆರಿದರೆ ಗುಳ್ಳೆಯೂ ನಿಲ್ಲುತ್ತದೆ. ರಾತ್ರಿ ಗಿಡಗಳು ಆಮ್ಲಜನಕ ಕೊಡುವುದಿಲ್ಲ, ನಮ್ಮ ಹಾಗೆ ಅವೂ ಅದನ್ನು ಬಳಸುತ್ತವೆ. ಅದಕ್ಕೇ ಗಿಡ ತುಂಬಿದ ತೊಟ್ಟಿಯಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಬೆಳಿಗ್ಗೆ ಮಾತ್ರ ಮೀನು ಮೇಲೆ ಬಂದು ಉಸಿರಾಡುತ್ತಿದ್ದು ಮಧ್ಯಾಹ್ನ ಸರಿಹೋದರೆ ಇದೇ ಕಾರಣವಿರಬಹುದು.

ಎಲೆಗಳನ್ನು ಓದುವುದನ್ನೂ ಕಲಿಯಬಹುದು. ಬುಡದ ಹಳೆಯ ಎಲೆಗಳು ಹಳದಿಯಾಗಿ ತುದಿಯ ಚಿಗುರು ಹಸಿರಾಗಿದ್ದರೆ ಸಾಮಾನ್ಯವಾಗಿ ಸಾರಜನಕ ಸಾಲದು ಎಂದರ್ಥ. ಗಿಡ ಹಳೆಯ ಮನೆಯ ಹೆಂಚು ಇಳಿಸಿ ಹೊಸ ಮನೆಗೆ ಹೊದಿಸಿದ ಹಾಗೆ, ಹಳೆಯ ಎಲೆಯ ಸಾರಜನಕವನ್ನು ಬಿಚ್ಚಿ ಚಿಗುರಿಗೆ ಕಳಿಸುತ್ತದೆ. ಕಬ್ಬಿಣದ ಕತೆ ಬೇರೆ. ಅದು ಗೋಡೆಯೊಳಗೆ ಕಟ್ಟಿದ ಕಲ್ಲು, ಕಿತ್ತು ಸಾಗಿಸಲು ಬರುವುದಿಲ್ಲ. ಕಬ್ಬಿಣ ಸಾಲದಿದ್ದರೆ ಹಳೆಯ ಎಲೆ ಹಸಿರಾಗಿಯೇ ಇದ್ದು, ಹೊಸ ಚಿಗುರು ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿ ಕಾಣುತ್ತವೆ. ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಬಂದು ಅಂಚು ಹಳದಿಯಾದರೆ ಹೆಚ್ಚಾಗಿ ಪೊಟ್ಯಾಸಿಯಂ ಕೊರತೆ. ಬಸವನಹುಳುವಿನ ಮೇಲೆ ದೂರು ಹಾಕುವ ಮೊದಲು ಇದನ್ನು ನೋಡಿ.

ಒಮ್ಮೆ ನಮ್ಮ ಕ್ರಿಪ್ಟೋಕೊರೈನ್ ಗಿಡದ ಎಲೆಗಳೆಲ್ಲ ಎರಡೇ ದಿನದಲ್ಲಿ ಕರಗಿ ಲೋಳೆಯಾದವು. ಪುಟ್ಟಿ ಅತ್ತಳು. ಕಿತ್ತೆಸೆಯಲು ಹೋದವಳನ್ನು ತಡೆದೆ. ಈ ಗಿಡದ ಬಂಧುಗಳು ಸಹ್ಯಾದ್ರಿಯ ಹಳ್ಳಗಳಲ್ಲಿ ಬೆಳೆಯುತ್ತವೆ. ಅಲ್ಲಿ ಮಳೆಗಾಲದಲ್ಲಿ ತಲೆ ಮೇಲೆ ನೀರು, ಬೇಸಗೆಯಲ್ಲಿ ಒಣಗಿದ ಮರಳು. ನೀರು ಬದಲಾದರೆ, ಬೆಳಕು ಬದಲಾದರೆ ಹಳೆಯ ಎಲೆ ಉದುರಿಸಿ ಬೇರಿನಲ್ಲಿ ಜೀವ ಹಿಡಿದು ಕಾಯುವುದು ಅದರ ಅಭ್ಯಾಸ. ನಾವೂ ಕಾದೆವು. ಇಪ್ಪತ್ತು ದಿನದ ಮೇಲೆ ಅಕ್ಕಿಕಾಳಿನಷ್ಟು ಹಸಿರು ಮರಳಿನಿಂದ ಹೊರಬಂತು.

ಎಲೆ ಕರಗಲು ಕಾರಣ ಟ್ಯಾಂಕರ್ ನೀರು. ನಮಗೆ ಬರುವುದು ಖಡಕವಾಸ್ಲಾ ಅಣೆಕಟ್ಟಿನ ನೀರು, ಸಹ್ಯಾದ್ರಿಯ ಮಳೆ ನೀರೇ ಆದ್ದರಿಂದ ಮೃದು. ಮೇ ತಿಂಗಳಲ್ಲಿ ಅದು ಸಾಲದೆ ಟ್ಯಾಂಕರ್ ತರಿಸಿದ್ದೆವು. ಅದರಲ್ಲಿ ಬೋರ್‌ವೆಲ್ಲಿನ ಗಡಸು ನೀರಿತ್ತು. ಗಾಜಿನ ಅಂಚಿಗೆ ಬಿಳಿ ಗೆರೆ ಕಟ್ಟಿತ್ತು, ನಾನು ಗಮನಿಸಿರಲಿಲ್ಲ. ಮೇ ತಿಂಗಳ ಇನ್ನೊಂದು ತೊಂದರೆ ಸೆಕೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಬಿಟ್ಟರೆ ಮಣ್ಣಿನ ಹೂಜಿ ತಣ್ಣಗಾಗುವ ಹಾಗೆಯೇ ತೊಟ್ಟಿಯೂ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ.

ಪ್ರತಿ ಭಾನುವಾರ ತೊಟ್ಟಿಯಿಂದ ಒಂದು ಬಕೆಟ್ ನೀರು ತೆಗೆಯುತ್ತೇವೆ. ಅದನ್ನು ಮೋರಿಗೆ ಚೆಲ್ಲುವುದಿಲ್ಲ. ಏಕೆಂದು ಪುಟ್ಟಿಗೆ ತೋರಿಸಲು ಒಂದು ಸಂಜೆ ಪುಣೆಯಲ್ಲೇ ಇರುವ ಪಾಷಾಣ್ ಕೆರೆಗೆ ಕರೆದುಕೊಂಡು ಹೋಗಿದ್ದೆ. ನೀರೇ ಕಾಣದ ಹಾಗೆ ಜಲಪರ್ಣಿ ಹಬ್ಬಿತ್ತು, ನಮ್ಮ ಕಡೆ ಅಂತರಗಂಗೆ ಎನ್ನುತ್ತಾರಲ್ಲ, ಆ ತೇಲುವ ಗಿಡ. ಮನೆಮನೆಯ ಕೊಳಚೆಯ ನೈಟ್ರೇಟ್ ಫಾಸ್ಫೇಟ್ ಉಂಡು ಅದು ಕೊಬ್ಬುತ್ತದೆ. “ನಮ್ಮ ತೊಟ್ಟಿ ಹಸಿರಾದಂತೆಯೇ” ಎಂದಳು. ಹೌದು, ಅದೇ ಲೆಕ್ಕ. ಪುಣೆಯ ಮುಳಾ ಮುಠಾ ಒಂದಾಗಿ ಭೀಮೆಯನ್ನು ಸೇರುತ್ತವೆ. ಭೀಮೆ ಉಜನಿ ಜಲಾಶಯದಲ್ಲಿ ನಿಂತು, ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ. ಗಾಣಗಾಪುರದಲ್ಲಿ ಜನ ಮೀಯುವುದು ಅವಳ ನೀರಿನಲ್ಲೇ. ಅಲ್ಲಿಂದ ಹರಿದು ರಾಯಚೂರಿನ ಬಳಿ ಕೃಷ್ಣೆಗೆ ಸೇರುತ್ತಾಳೆ. ನಮ್ಮ ಮೋರಿಯ ಬಾಯಿ ಆ ದಾರಿಯ ಒಂದು ತುದಿ.

ಅದಕ್ಕೇ ಬಕೆಟ್ ಬಾಲ್ಕನಿಗೆ ಹೋಗುತ್ತದೆ. ತುಳಸಿಗೆ ಎರಡು ಚೊಂಬು, ಕರಿಬೇವಿಗೆ ಎರಡು, ದಾಸವಾಳಕ್ಕೆ ಉಳಿದದ್ದು. ಕರಿಬೇವು ಈಗ ಬಾಲ್ಕನಿಯ ಕಂಬಿ ದಾಟಿದೆ. ಜೀಬ್ರಾ ಮೀನು ಬಿಟ್ಟದ್ದು ಒಗ್ಗರಣೆಯ ಎಲೆಯಾಗಿ ನಮ್ಮ ಬಟ್ಟಲಿಗೆ ಬರುತ್ತಿದೆ ಎಂದು ಪುಟ್ಟಿ ತರಗತಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೆಚ್ಚಾದ ಗಿಡಗಳನ್ನು ಕೆರೆಗೆ ಬಿಡದೆ ಒಣಗಿಸಿ ಅದೇ ಕುಂಡಗಳಿಗೆ ಹಾಕುತ್ತೇವೆ.

ಇವತ್ತು ಶನಿವಾರ. ನಾಳೆ ತುಂಬಲು ಬೇಕಾದ ನೀರನ್ನು ಇವತ್ತೇ ಹಿಡಿದು, ಮುಚ್ಚಳ ಹಾಕದೆ, ಕ್ಲೋರಿನ್ ಆರಲು ಇಡಬೇಕು. ಪುಟ್ಟಿ ಬಕೆಟ್ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದಾಳೆ.